ರಸ್ತೆಯ ಮೇಲಿನ ಚುಕ್ಕೆಗಳು

ಒಂದು ರಾಜ್ಯದ ದೊರೆಗೆ ತನ್ನ ಕಾಡಿನಲ್ಲಿ ಯಾವ ಪ್ರಾಣಿ ಎಲ್ಲಿದೆ ಎಂದು ತಿಳಿಯುವ ಹಂಬಲ ಹುಟ್ಟಿತು. ಅದಕ್ಕೊಂದು ಇಲಾಖೆಯಾಯಿತು, ಇಲಾಖೆಗೊಂದು ಜೀಪು, ಜೀಪಿಗೊಬ್ಬ ಅಧಿಕಾರಿ. ಅಧಿಕಾರಿಯ ಕೈಯಲ್ಲಿ ಒಂದು ಯಂತ್ರ. ಗುಂಡಿ ಒತ್ತಿದರೆ ಸಾಕು, ಅದು ಉಪಗ್ರಹವನ್ನು ಕೇಳಿ ತಾನಿರುವ ಜಾಗವನ್ನು ಕಂಪ್ಯೂಟರಿನ ನಕ್ಷೆಯಲ್ಲಿ ಚುಕ್ಕೆಯಾಗಿ ಗುರುತಿಸುತ್ತಿತ್ತು.

ಯಂತ್ರದಲ್ಲಿ ಐಬಿರಲಿಲ್ಲ. ಐಬಿದ್ದದ್ದು ಇಲಾಖೆಯ ಪದ್ಧತಿಯಲ್ಲಿ. ಅಲ್ಲಿ ಯಾರೂ ಜೀಪಿನಿಂದ ಇಳಿಯುತ್ತಿರಲಿಲ್ಲ. ಕೆಳಗೆ ಕೆಸರಿತ್ತು, ಮುಳ್ಳಿತ್ತು, ಬೂಟು ಬೇರೆ ಹೊಸದು. ಅರ್ಧ ಮೈಲಿ ಆಚೆಯ ದಿಬ್ಬದಲ್ಲಿ ಜಿಂಕೆ ಕಂಡರೂ ಕೂತಲ್ಲೇ ಗುಂಡಿ ಒತ್ತುತ್ತಿದ್ದರು. ವರ್ಷದ ಕೊನೆಗೆ ನಕ್ಷೆ ಬಿಡಿಸಿ ನೋಡಿದರೆ ರಾಜ್ಯದ ಸಕಲ ಪ್ರಾಣಿಗಳೂ ಡಾಂಬರು ರಸ್ತೆಯ ಮೇಲೆ ಸಾಲಾಗಿ ನಿಂತಿದ್ದವು. ಮಿಕ್ಕ ಕಾಡೆಲ್ಲ ಖಾಲಿ ಬಿಳುಪು. ಇದನ್ನು ಕಂಡು ಒಬ್ಬನಾದರೂ ನಗಬೇಡವೇ? ಯಾರೂ ನಗಲಿಲ್ಲ. ಪ್ರಾಣಿಗಳಿಗೆ ರಸ್ತೆಯೆಂದರೆ ಬಲು ಇಷ್ಟ ಎಂದು ವರದಿ ಬರೆದರು. ಬಿಳಿ ಜಾಗದಲ್ಲಿ ಜೀವವೇ ಇಲ್ಲವೆಂದ ಮೇಲೆ ಅಲ್ಲಿನ ಜೌಗನ್ನು ಮಣ್ಣು ತುಂಬಿಸಿ ಮುಚ್ಚಲು ಅಪ್ಪಣೆಯೂ ಆಯಿತು.

ಆ ಜೌಗಿನ ಅಂಚಿನ ಬಿಲದಲ್ಲಿ ಒಂದು ನೀರುನಾಯಿ ಇತ್ತು. ಅದಕ್ಕೆ ಇನ್ನೂ ಕಣ್ಣು ಬಿಡದ ಮೂರು ಮರಿಗಳು. ಸುದ್ದಿ ಕಿವಿಗೆ ಬಿದ್ದದ್ದೇ ತಡ, ಅದು ಇಲಾಖೆಗೆ ಓಡಿತು.

“ಸ್ವಾಮಿ, ಚುಕ್ಕೆ ಬಿದ್ದಲ್ಲಿ ಇದ್ದದ್ದು ನಿಮ್ಮ ಜೀಪು. ನಾನಿರುವುದು ಜೌಗಿನಲ್ಲಿ.”

“ನಕ್ಷೆಯಲ್ಲಿ ಹಾಗಿಲ್ಲವಲ್ಲ,” ಎಂದ ಅಧಿಕಾರಿ.

“ನಾನೇ ಎದುರಿಗೆ ನಿಂತು ಹೇಳುತ್ತಿದ್ದೇನಲ್ಲ!”

“ಎದುರಿಗೆ ಎಂದರೆ ಕಚೇರಿಯಲ್ಲಿ. ಜೌಗಿನಲ್ಲಿದ್ದೀಯ ಎನ್ನುವುದಕ್ಕೆ ಏನು ಗುರುತು?”

“ಬಂದು ನೋಡಿ ಸ್ವಾಮಿ. ನಡೆದರೆ ಕಾಲು ಗಂಟೆಯ ದಾರಿ.”

“ನಡೆಯುವುದೇ?” ಅಧಿಕಾರಿಗೆ ನಿಜಕ್ಕೂ ಬೇಸರವಾಯಿತು. “ರಸ್ತೆಯಿಲ್ಲದ ಕಡೆ ಜೀಪು ಹೇಗೆ ಬರುತ್ತದೆ? ಒಂದು ಅರ್ಜಿ ಕೊಟ್ಟು ಹೋಗು, ನೋಡೋಣ.”

ನೀರುನಾಯಿ ಅರ್ಜಿಗೆ ಪಂಜದ ಗುರುತು ಒತ್ತಿ ಬಂತು. ಇಲಾಖೆ ಸುಮ್ಮನೆ ಕೂರಲಿಲ್ಲ, ಅದನ್ನು ಒಪ್ಪಲೇಬೇಕು. ಮಣ್ಣು ತುಂಬುವ ಕೆಲಸವನ್ನು ತಡೆಹಿಡಿಯಿತು. ಅರ್ಜಿಯಲ್ಲಿ ಹೇಳಿದ್ದು ನಿಜವೋ ಸುಳ್ಳೋ ನೋಡಿ ಬರಲು ಜೀಪಿಗೆ ದಾರಿ ಬೇಕೆಂದು ಜೌಗಿನ ನಟ್ಟನಡುವೆ, ನೇರ ಬಿಲದ ಬಾಗಿಲಿಗೇ, ಒಂದು ರಸ್ತೆ ಮಂಜೂರು ಮಾಡಿತು.

ಬುಲ್ಡೋಜರ್ ಬಂದು ಬಿಲದ ಒಂದು ಪಕ್ಕ ಕುಸಿಯಿತು. ನೀರುನಾಯಿ ಮರಿಗಳನ್ನು ಒಂದೊಂದಾಗಿ ಕಚ್ಚಿಕೊಂಡು ರಸ್ತೆಯಾಚೆಯ ಜೊಂಡಿಗೆ ಸಾಗಿಸತೊಡಗಿತು. ಮೂರನೆಯದನ್ನು ಹೊತ್ತು ದಾಟುತ್ತಿರುವಾಗ ಜೀಪು ಎದುರಿಗೇ ಬಂದು ನಿಂತಿತು. ಅಧಿಕಾರಿ ಕೂತಲ್ಲಿಂದಲೇ ಗುಂಡಿ ಒತ್ತಿದ.

“ನೋಡಿದೆಯಾ? ನೀನಿರುವುದು ರಸ್ತೆಯ ಮೇಲೆಯೇ. ನಮ್ಮ ನಕ್ಷೆಯಲ್ಲಿ ತಪ್ಪೇನಾದರೂ ಇದ್ದರೆ ಈಗಲೇ ಹೇಳಿಬಿಡು.”

ನೀರುನಾಯಿಯ ಬಾಯಲ್ಲಿ ಮರಿಯಿತ್ತು. ಅಧಿಕಾರಿ ಸ್ವಲ್ಪ ಹೊತ್ತು ಕಾದ. ಆಮೇಲೆ, ತಕರಾರಿಲ್ಲ ಎಂದು ಬರೆದುಕೊಂಡು, ಮಣ್ಣಿನ ಲಾರಿಗಳಿಗೆ ಹೊಸ ರಸ್ತೆಯಲ್ಲಿ ಬರಲು ಹೇಳಿದ.