ಡ್ರೈವರಣ್ಣ ವಿಮಾನ ಇಳಿಸಿದ್ದು

ಮೂವತ್ತೊಂದು ವರ್ಷ ಬಸ್ಸು ಓಡಿಸಿದ ಡ್ರೈವರಣ್ಣನಿಗೆ ವಿಮಾನ ಏರಿಸುವುದು ಏನೇನೂ ಕಷ್ಟವಾಗಲಿಲ್ಲ. ಇಳಿಸುವುದೇ ದೊಡ್ಡ ಪಜೀತಿಯಾಯಿತು. ವಿಮಾನವೆಂದರೆ ನಿಜದ್ದಲ್ಲ ಬಿಡಿ, ಮಗಳ ಕಂಪ್ಯೂಟರಿನ ಆಟ. ಆದರೆ ಅವನೆದುರು ಅದನ್ನು ಆಟ ಅಂದವರ ಗ್ರಹಚಾರ ಕೆಟ್ಟಿತೆಂದೇ ಅರ್ಥ.

ಏಳು ವರ್ಷದವನಿದ್ದಾಗ ತಾರಸಿಯ ಮೇಲೆ ಅಂಗಾತ ಮಲಗಿ, ನೆತ್ತಿಯ ಮೇಲೆ ಹೋಗುವ ವಿಮಾನಕ್ಕೆ ಕೈಬೀಸುತ್ತಿದ್ದ. ಒಳಗಿದ್ದವನು ತಿರುಗಿ ತನಗೂ ಕೈಬೀಸಿದನೆಂದು ಆಣೆಯಿಟ್ಟು ಹೇಳುತ್ತಿದ್ದ. ದೊಡ್ಡವನಾದ ಮೇಲೆ ವಿಮಾನ ಹಾರಿಸುವುದಿರಲಿ, ಹತ್ತುವ ಯೋಗವೂ ಬರಲಿಲ್ಲ. ಸಿಕ್ಕಿದ್ದು ಬಸ್ಸಿನ ಸ್ಟೇರಿಂಗು, ಅದನ್ನೇ ಕಣ್ಣಿಗೊತ್ತಿಕೊಂಡ. ಆದರೂ ಬೆಟ್ಟದ ತಿರುವಿನಲ್ಲಿ ಮಂಜು ಕವಿದಾಗ, ಚಕ್ರಗಳು ನೆಲ ಬಿಟ್ಟವೇನೋ ಎಂದು ಅರೆಗಳಿಗೆ ಮೈ ಜುಮ್ಮೆನ್ನುತ್ತಿತ್ತು. ಹಿಂದೆ ಐವತ್ತು ಜನ ಕೂತಿದ್ದಾರೆಂಬ ನೆನಪಾಗಿ ಮತ್ತೆ ಎಚ್ಚರವಾಗುತ್ತಿದ್ದ.

ನಿವೃತ್ತನಾದ ಮೇಲೆ ಮಗಳು ಗೆಳತಿಯ ಹತ್ತಿರ ಒಂದು ವಾರದ ಮಟ್ಟಿಗೆ ಹಿಡಿಕೆ, ಪೆಡಲು ಎಲ್ಲ ಕೇಳಿ ತಂದು ಜೋಡಿಸಿಕೊಟ್ಟಳು. ಹಿಡಿಕೆ ಎಳೆದರೆ ವಿಮಾನದ ಮೂತಿ ಮೇಲಕ್ಕೆ. ಎಡ ಪೆಡಲು ಒತ್ತಿದರೆ ಮೂತಿ ಎಡಕ್ಕೆ, ಬಲದ್ದು ಒತ್ತಿದರೆ ಬಲಕ್ಕೆ. "ಇಷ್ಟೇನಾ?" ಅಂದ ಡ್ರೈವರಣ್ಣ.

ಮಧ್ಯಾಹ್ನ ಕಿಟಕಿಯ ಪರದೆ ಎಳೆದು ಕೂತನೆಂದರೆ ಆ ಸಣ್ಣ ಕೋಣೆ ಕರಗಿಹೋಗುತ್ತಿತ್ತು. ಇಸ್ತ್ರಿ ಕಾಣದ ಬಟ್ಟೆಯ ರಾಶಿ, ಗೋಡೆಗೊರಗಿಸಿದ ಹಾಸಿಗೆ, ಕೀಲು ಸಡಿಲವಾದ ಬೀರು, ಎಲ್ಲ ಕೆಳಗೆಲ್ಲೋ ಉಳಿದು ಅವನು ಬೆಳ್ಳನೆಯ ಮೋಡದೊಳಕ್ಕೆ ನುಗ್ಗುತ್ತಿದ್ದ. ಮೋಡ ದಾಟಿದರೆ ಬಿಸಿಲು. ಎಂಥಾ ಬಿಸಿಲು ಅಂತೀರಿ! ಕೆಳಗೆ ನದಿಯೊಂದು ಯಾರೋ ಬೀಳಿಸಿಕೊಂಡ ದಾರದ ಹಾಗೆ ಬಿದ್ದಿರುತ್ತಿತ್ತು. ಕಂಡಕ್ಟರನ ಸೀಟಿಯಿಲ್ಲ, ನಿಲ್ದಾಣವಿಲ್ಲ, ಕಿಟಕಿ ಪಕ್ಕದ ಸೀಟಿಗೆ ಜಗಳವಿಲ್ಲ. ಅಲ್ಲಿ ಅವನಿಗೆ ವಯಸ್ಸೂ ಇರಲಿಲ್ಲ. ಸುಖವೆಂದರೆ ಅದು, ಬೇರೆ ಮಾತಿಲ್ಲ.

ಕೊರಗು ಒಂದೇ. ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಹಾರಬೇಕು. ಬಸ್ಸು ಹತ್ತಿದರೆ ಸಾಕು, ಅವಳಿಗೆ ಹೊಟ್ಟೆ ತೊಳಸುತ್ತಿತ್ತು. ಹಾಗಾಗಿ ಕಂಡವರನ್ನೆಲ್ಲ ಕಂಡಕಂಡ ಊರಿಗೆ ಮುಟ್ಟಿಸಿದವನು ಕೈಹಿಡಿದವಳನ್ನು ಒಂದೂರಿಗೂ ಕರೆದೊಯ್ದಿರಲಿಲ್ಲ. ಈ ವಿಮಾನದಲ್ಲಾದರೆ ಕುರ್ಚಿ ಅಲುಗುವುದಿಲ್ಲವಲ್ಲ! ಆದರೆ ಅವಳು ಜಪ್ಪಯ್ಯ ಅಂದರೂ ಬರಲೊಲ್ಲಳು.

"ಮೊದ್ಲು ಒಂದ್ಸಲ ನೆಟ್ಟಗೆ ಇಳಿಸಿ ತೋರ್ಸಿ, ಪೈಲಟ್ ಸಾಹೇಬ್ರೇ. ಆಮೇಲೆ ಹತ್ತೋ ಮಾತು," ಅನ್ನುತ್ತಿದ್ದಳು.

ನೆಟ್ಟಗೆ ಇಳಿದರೆ ತಾನೇ! ಇನ್ನೇನು ರನ್‌ವೇ ಮುಟ್ಟಿತು ಅನ್ನುವಾಗ ವಿಮಾನ ಸರಕ್ಕನೆ ಬಲಕ್ಕೆ ಹೊರಳಿ ಹುಲ್ಲಿನಲ್ಲಿ ಮುಗ್ಗರಿಸುತ್ತಿತ್ತು. ಆರು ದಿನ, ನಲವತ್ತು ಸಲ. "ಅಡ್ಡಗಾಳಿ ಕಣೇ," ಎಂದು ಗಾಳಿಯ ಮೇಲೆ ಗೂಬೆ ಕೂರಿಸಿದ.

ಏಳನೆಯ ದಿನ ಸಂಜೆ ಐದಕ್ಕೆ ಮಗಳು ಬಂದು ಎಲ್ಲ ಬಿಚ್ಚಿಕೊಂಡು ಹೋಗುವವಳಿದ್ದಳು. ನಾಲ್ಕೂವರೆಗೆ ಡ್ರೈವರಣ್ಣ ಮತ್ತೆ ಏರಿಸಿದ. ಹೆಂಡತಿ ಅಲ್ಲೇ ನೆಲದ ಮೇಲೆ ಕೂತು ಬಟ್ಟೆ ಮಡಚುತ್ತಿದ್ದಳು. ಅವಳಿಗೆ ಕಾಣುತ್ತಿದ್ದುದು ಮೇಜಿನ ಕೆಳಗಿನ ಅವನ ಕಾಲುಗಳು ಮಾತ್ರ. ವಿಮಾನ ಇಳಿಯತೊಡಗಿತು.

"ರೀ, ಬಲಗಾಲು ಯಾಕ್ರೀ ಹಾಗೆ ಅದುಮ್ತಾ ಇದೀರಿ?"

"ನಾನೆಲ್ಲಿ ಅದುಮ್ದೆ?"

"ಅದುಮ್ತಾ ಇದೀರಿ. ಬ್ರೇಕ್ ಹಾಕ್ದಂಗೆ."

ಬಗ್ಗಿ ನೋಡಿದ. ಅಯ್ಯೋ ಶಿವನೇ, ಹೌದು! ನೆಲ ಎದುರಿಗೆ ನುಗ್ಗಿ ಬರುವುದು ಕಂಡೊಡನೆ ಮೂವತ್ತೊಂದು ವರ್ಷದ ಬಲಗಾಲು ತನ್ನ ಪಾಡಿಗೆ ಬ್ರೇಕು ಹಾಕುತ್ತಿತ್ತು. ಗಾಳಿಯೂ ಇಲ್ಲ, ಮಣ್ಣೂ ಇಲ್ಲ.

"ಬಿಡು ಅಂದ್ರೂ ಬಿಡ್ತಾ ಇಲ್ಲ ಕಣೇ ಇದು!" ಎಂದು ಕೂಗಿದ.

ಅವಳು ಕೈಯಲ್ಲಿದ್ದ ಬಟ್ಟೆ ಎಸೆದು ಮೇಜಿನ ಕೆಳಗೆ ತೂರಿದಳು. ಅವನ ಬಲಗಾಲನ್ನು ಪೆಡಲಿನಿಂದ ಎತ್ತಿ ಎದೆಗೆ ಅವಚಿಕೊಂಡಳು. ಕಾಲು ಕೊಸರಾಡಿತು. ಅವಳ ಹತ್ತಿರ ಅದರ ಆಟವೆಲ್ಲಿ ನಡೆದೀತು?

"ನೀವು ಮುಂದೆ ನೋಡಿ. ಕಾಲು ನನಗ್ ಬಿಡಿ."

ಮೂತಿ ನೆಟ್ಟಗಾಯಿತು. ಇಳಿಬಿಸಿಲು ಚೆಲ್ಲಿದ ರನ್‌ವೇ ತೇಲಿಕೊಂಡು ಎದುರಿಗೆ ಬಂತು. ಚಕ್ರ ನೆಲ ಮುಟ್ಟಿದ್ದು ಅವನಿಗೇ ಗೊತ್ತಾಗಲಿಲ್ಲ. ಓಡಿ ಓಡಿ ವಿಮಾನ ತಾನಾಗಿ ನಿಂತಿತು.

"ಇಳೀತಾ?" ಮೇಜಿನ ಕೆಳಗಿನಿಂದ ಕೇಳಿದಳು.

"ಇಳೀತು ಕಣೇ," ಅಂದ. ಅಳು ಬಂದುಬಿಟ್ಟಿತ್ತು, ಒರೆಸಿಕೊಳ್ಳಲೂ ಇಲ್ಲ.

ಅವಳು ಹೊರಬಂದು ಮೊಣಕಾಲು ನೀವಿಕೊಂಡು, ಕುರ್ಚಿ ಎಳೆದು ಪಕ್ಕದಲ್ಲಿ ಕೂತಳು. "ಹ್ಞೂಂ, ಹೊರಡಿ."

"ಎಲ್ಲಿಗೆ?"

"ನಾನ್ಯಾವ ಊರು ನೋಡಿದೀನಿ ಹೇಳೋಕೆ? ದೂರ ಇರೋ ಕಡೆ ಹೋಗಿ."

ವಿಮಾನ ಏರಿತು. ಮೋಡ ಹೊಕ್ಕಾಗ ಅವಳು ಅವನ ತೋಳು ಹಿಡಿದುಕೊಂಡಳು. ಮೋಡದಾಚೆಯ ಬಿಸಿಲು ಮುಖದ ಮೇಲೆ ಬಿದ್ದಾಗ ಬಾಯಿ ಬಿಟ್ಟವಳು ಮುಚ್ಚಲೇ ಇಲ್ಲ. ಅಷ್ಟರಲ್ಲಿ ಬಾಗಿಲು ಬಡಿದ ಸದ್ದಾಯಿತು.

"ಅಪ್ಪಾ, ಐದಾಯ್ತು! ಪೆಡಲು ಬಿಚ್ಕೊಡು!" ಮಗಳ ದನಿ.

ಡ್ರೈವರಣ್ಣ ಏಳಹೋದ. ಹೆಂಡತಿ ತೋಳು ಬಿಡಲಿಲ್ಲ.

"ಅಲ್ಲೇ ಕೂತಿರೇ ಪುಟ್ಟಿ," ಎಂದು ಕೂಗಿ ಹೇಳಿದಳು, "ನಾವಿನ್ನೂ ಊರು ಮುಟ್ಟಿಲ್ಲ."