ಹಿತ್ತಲ ಕೋಣೆಯ ನೆಲ

"ಮಟ್ಟ ಅಂದ್ರೇನು ಗೊತ್ತೇನೋ ಸೂಳೆಮಗನೆ? ಗೋಲಿ ಇಟ್ರೆ ಇಟ್ಟಲ್ಲೇ ನಿಂತಿರಬೇಕು. ನಿಮ್ಮಪ್ಪನ ಗುಡಿಸಲು ಅಂದ್ಕೊಂಡಿದೀಯಾ?"

ಧಣಿ ಬಾಗಿಲಲ್ಲೇ ನಿಂತು ಬಯ್ಯುತ್ತಿದ್ದ. ನನ್ನ ಗಂಡ ಗಾರೆ ಕೆಲಸದವನು. ಮಂಡಿಯೂರಿ ಉಳಿಯಿಂದ ಹಳೆಯ ನೆಲ ಎಬ್ಬಿಸುತ್ತಿದ್ದವನು ತಲೆ ಎತ್ತಲಿಲ್ಲ. ನಾನು ಒದ್ದೆ ಮಣ್ಣನ್ನು ಬಾಣಲಿಗೆ ತುಂಬಿ ಹೊರಗೆ ಸುರಿಯುತ್ತಿದ್ದೆ. ಗೋಲಿಯ ಮಾತು ಹಾಗಿರಲಿ, ಈ ನೆಲದ ಮೇಲೆ ಬಿಂದಿಗೆ ಇಟ್ಟರೂ ಓಲಾಡುತ್ತಿತ್ತು. ಅದನ್ನು ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ದೊಡ್ಡ ಮನೆಯ ಹಿಂದಿನ ಈ ಕೋಣೆಗೇ ನಾನು ಮದುವೆಯಾಗಿ ಬಂದದ್ದು. ಬಾಡಿಗೆ ಇಲ್ಲ, ಬದಲಿಗೆ ಕರೆದಾಗ ಕರೆದ ಕೆಲಸಕ್ಕೆ ಓಡಬೇಕು. ನೆಲದಿಂದ ತೇವ ಏರುತ್ತಿತ್ತು. ರಾತ್ರಿ ಹಾಸಿದ ಗೋಣಿಯನ್ನು ಬೆಳಿಗ್ಗೆ ಹಿಂಡಿ ಒಣಹಾಕುತ್ತಿದ್ದೆವು. ಆ ತಂಡಿ ಅತ್ತೆಯ ಎದೆಯಲ್ಲಿ ಮನೆಮಾಡಿತು. ಆಕೆ ಕೆಮ್ಮಲು ತೊಡಗಿದರೆ ಮುಂದಿನ ಉಸಿರು ಬರುವವರೆಗೆ ನಮಗೂ ಉಸಿರಿಲ್ಲ. ನೆಲ ಮಾಡಿಸಿಕೊಡಿ ಎಂದು ಕೇಳಿದಾಗಲೆಲ್ಲ, ಕೆಸರಲ್ಲೇ ಹುಟ್ಟಿದವರಿಗೆ ಇನ್ಯಾವ ತಂಡಿ ಎಂದು ಧಣಿ ನಕ್ಕುಬಿಡುತ್ತಿದ್ದ.

ಹಾಗಿದ್ದವನು ತಾನಾಗಿ ಬಂದು, ಹೊಸ ನೆಲ ಹಾಕಿರಿ, ಸಾಮಾನು ನಾನು ತರಿಸುತ್ತೇನೆ ಎಂದಾಗ ನಾವು ಪೆದ್ದುಗಳು, ನಮಗೇ ಎಂದುಕೊಂಡೆವು. ಕೆಲಸ ಮುಗಿಯುವವರೆಗೆ ಎಂದು ಅತ್ತೆಯನ್ನು ಪಕ್ಕದ ಸೌದೆ ಒಟ್ಟುವ ಮಾಡಿನ ಕೆಳಗೆ ಮಲಗಿಸಿದೆವು.

ಗಂಡ ಯಾರ ಮನೆಯಲ್ಲೂ ಅಷ್ಟು ಆಸ್ಥೆಯಿಂದ ದುಡಿದದ್ದನ್ನು ನಾನು ಕಂಡಿಲ್ಲ. ಗಟ್ಟಿ ಮಣ್ಣು ಸಿಗುವವರೆಗೆ ತೋಡಿದ. ಜಲ್ಲಿ ಸುರಿದು ದಮ್ಮಸ್ಸು ಹೊಡೆದು ಗಟ್ಟಿ ಮಾಡಿದ. ಮೇಲೆ ಮರಳು, ಅದರ ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ. ಹಾಳೆಗೆ ಸೂಜಿಮೊನೆಯಷ್ಟು ತೂತಾದರೂ ತೇವ ಅಲ್ಲಿಂದಲೇ ಏರುತ್ತದೆಂದು ತಾನೂ ಬರಿಗಾಲಲ್ಲಿ ಓಡಾಡಿದ, ನನ್ನನ್ನು ಕೂರಿಸಿಕೊಂಡು ಕಾಲುಗುರುಗಳನ್ನೂ ಕತ್ತರಿಸಿದ. ನಾಚಿಕೆಯಾಗಿ ನಗು ಬಂತು. ಅತ್ತೆಯ ಹಾಸಿಗೆ ಬರುವ ಮೂಲೆಯಲ್ಲಿ ಅಂಗೈ ಆಡಿಸಿ ಮತ್ತೆ ಮತ್ತೆ ನೋಡಿದ.

ಸಿಮೆಂಟು ಆ ಮೂಲೆಯಿಂದ ಹರಡುತ್ತ ಬಾಗಿಲ ಹತ್ತಿರ ಬಂದಿದ್ದೆವು. ಅಷ್ಟರಲ್ಲಿ ಲಾರಿ ಬಂತು. ಧಣಿಯ ಮಗನ ಕಸರತ್ತಿನ ಯಂತ್ರಗಳು. ನೆಲ ಒಣಗಿದ ಮೇಲೆ ಈ ಕೋಣೆಯಲ್ಲಿ ಜೋಡಿಸಬೇಕೆಂದು ಧಣಿ ಲಾರಿಯವರಿಗೆ ಹೇಳುತ್ತಿದ್ದ.

ಗಂಡ ಕರಣೆ ಹಿಡಿದೇ ಎದ್ದು ನಿಂತ. "ಧಣಿ, ನಮ್ಮವ್ವ ಎಲ್ಲಿ ಮಲಗಬೇಕು?"

"ಈಗೆಲ್ಲಿ ಬಿದ್ದಿದಾಳೋ ಅಲ್ಲೇ. ಯಂತ್ರಕ್ಕೆ ತೇವ ಆಗಲ್ಲ ಕಣೋ, ತುಕ್ಕು ಹಿಡಿಯುತ್ತೆ. ಮನುಷ್ಯರಿಗೆ ಹೆಂಗೋ ನಡೆಯುತ್ತೆ."

 

ಸೌದೆಯ ಮರೆಯಲ್ಲಿದ್ದ ಅತ್ತೆಗೆ ಎಲ್ಲವೂ ಕೇಳಿಸಿತ್ತು. ಗೋಡೆ ಹಿಡಿದು ಬಂದಳು. ಧಣಿಯನ್ನು ಕಣ್ಣೆತ್ತಿಯೂ ನೋಡದೆ ನಮ್ಮನ್ನು ದಾಟಿ ಹಸಿ ಸಿಮೆಂಟಿಗೆ ಕಾಲಿಟ್ಟಳು. ಒಂದೊಂದೇ ಹೆಜ್ಜೆ ಕಿತ್ತು ಇಡುತ್ತ ತನ್ನ ಮೂಲೆಗೆ ಹೋಗಿ ಅಂಗಾತ ಮಲಗಿದಳು.

"ಲೇ, ಎತ್ತಿ ಬಿಸಾಕ್ರೋ ಆ ಮುದಿ ಮುಂಡೇನ!"

ಲಾರಿಯವರು ಅಲುಗಲಿಲ್ಲ. ಗಂಡ ಕರಣೆಯನ್ನು ಕೆಳಗಿಟ್ಟ.

"ನೀವೇ ಬಂದು ಎತ್ತಿ, ಧಣಿ."

ಧಣಿ ಹೊಸ್ತಿಲು ದಾಟಲಿಲ್ಲ. ಪೊಲೀಸರನ್ನು ಕರೆಸುತ್ತೇನೆ, ಚರ್ಮ ಸುಲಿಸುತ್ತೇನೆ ಎಂದು ಅಲ್ಲಿಂದಲೇ ಕೂಗಾಡಿದ. ಹಸಿ ಸಿಮೆಂಟು ಚರ್ಮ ತಿನ್ನುತ್ತದೆ. ನನ್ನ ಬೆರಳ ಸಂದುಗಳೇ ಅದಕ್ಕೆ ಸಾಕ್ಷಿ. ಉರಿಯುತ್ತಿದೆಯೇ ಎಂದು ಅತ್ತೆಯನ್ನು ಕೇಳಿದೆ.

"ಬೆಚ್ಚಗಿದೆ ಕಣೆ," ಎಂದಳು. "ಬಾಗಿಲು ಹಾಕು."

ಧಣಿಯ ಮುಖದೆದುರೇ ಬಾಗಿಲು ಹಾಕಿ ಒಳಗಿನಿಂದ ಚಿಲಕ ಜಡಿದೆ. ಸಿಮೆಂಟು ಗಟ್ಟಿಯಾಗತೊಡಗಿತ್ತು.