ತೇಲಿದ ಇಲಿ

ಅಣಬೆಪುಡಿ ತಿಂದ ಇಲಿ ಪ್ರಯೋಗಾಲಯದ ನೀರಿನ ತೊಟ್ಟಿಯಲ್ಲಿ ಹನ್ನೆರಡು ನಿಮಿಷವಾದರೂ ಮುಳುಗಲಿಲ್ಲ. ತಿನ್ನದ ಇಲಿ ಐದಕ್ಕೇ ಸುಸ್ತಾಗಿತ್ತು.

"ನೋಡಮ್ಮಾ, ಕೊಬ್ಬು ಕರಗಿಸಿ ದಮ್ಮು ಕೊಡೋ ಅಣಬೆ! ಸಹಿ ಹಾಕು," ಎಂದು ಪ್ರೊಫೆಸರು, ಸಮಯ ಅಳೆಯುತ್ತಿದ್ದ ನನ್ನೆದುರು ಫಲಿತಾಂಶದ ಹಾಳೆ ತಳ್ಳಿದರು. ಅವರ ಕೂದಲು ಬೆಳ್ಳಗಾಗಿತ್ತು, ಬುದ್ಧಿ ಬೆಳಗಿರಲಿಲ್ಲ. ಒಪ್ಪದಿದ್ದರೆ ನನ್ನ ಕೆಲಸ ಹೋಗುತ್ತಿತ್ತು.

"ಸಾರ್, ಅದು ಈಜ್ತಿಲ್ಲ. ಪುಡಿ ತಿಂದು ಕೊಬ್ಬಿದೆ, ಅದಕ್ಕೇ ತೇಲ್ತಿದೆ. ಕಾಲೂ ಆಡಿಸ್ತಿಲ್ಲ ನೋಡಿ."

"ಮೂವತ್ತು ವರ್ಷದ ಅನುಭವ ಕಣಮ್ಮಾ ನಂದು!"

"ಬೆಣ್ಣೆಯೂ ತೇಲುತ್ತೆ ಸಾರ್. ಅದಕ್ಕೂ ದಮ್ಮಿದೆಯಾ?"

ದೇವರ ಮೇಲೆ ಭಾರ ಹಾಕಿ, 'ಈಜಿದ್ದು ನಲವತ್ತು ಸೆಕೆಂಡು, ಉಳಿದಷ್ಟೂ ತೇಲಿದ್ದು' ಎಂದು ಬರೆದೇ ಸಹಿ ಹಾಕಿದೆ.

"ನಾಳೆಯಿಂದ ಬರಬೇಡ," ಎಂದರು.

ಹೋಗುವ ಮುನ್ನ ನೆನೆದ ಇಲಿಯನ್ನೆತ್ತಿ ಬಟ್ಟೆಯಲ್ಲಿ ಒರೆಸಿದೆ. ಆ ಕೋಣೆಯಲ್ಲಿ ಮರ್ಯಾದೆಗೆ ಯೋಗ್ಯವಾದದ್ದು ಅದೊಂದೇ ಇತ್ತು.